ಅಪ್ರೈಸಲ್ ಫಾರ್ಮಲ್ಲಿ "ಈ ವರ್ಷ ಎಷ್ಟು ಬೆಳೆದಿದ್ದೀರಿ" ಅಂತ ಉಂಟು, ಎಂಥ ಬರೆಯುದು ಮಾರಾಯ್ರೆ?

ಕಾರ್ಕಳದವಳು

ಮಾರ್ಚ್ 31ರ ಒಳಗೆ ಸೆಲ್ಫ್ ಅಪ್ರೈಸಲ್ ತುಂಬಿಸಿ ಕೊಡ್ಬೇಕು. ಎಲ್ಲ ಆಗಿದೆ, ಕೊನೆಯ ಪುಟ ಮಾತ್ರ ಬಾಕಿ. ಅದ್ರಲ್ಲಿ ಎರಡು ದೊಡ್ಡ ಬಾಕ್ಸ್, ಒಂದು ಪ್ರೊಫೆಶನಲ್ ಗ್ರೋತ್, ಇನ್ನೊಂದು ಪರ್ಸನಲ್ ಗ್ರೋತ್. ಎರಡೂ ಖಾಲಿ ಉಂಟು, ನಾನು ನೋಡ್ತಾ ಕೂತಿದ್ದೇನೆ.

ನಾನು ಮಂಗಳೂರಲ್ಲಿ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಲ್ಲಿ ಇರುದು. ಗೊತ್ತಿಲ್ಲದವರಿಗೆ ಹೇಳುದಾದ್ರೆ, ಪೇಶೆಂಟ್ ಅಡ್ಮಿಟ್ ಆದ ಕೂಡ್ಲೆ ಕ್ಯಾಶ್‌ಲೆಸ್‌ಗೆ ಪ್ರೀ-ಆಥ್, ಅಂದ್ರೆ ಮೊದ್ಲೇ ಒಪ್ಪಿಗೆ ಕೇಳುವ ಅರ್ಜಿ, ಕಳಿಸುದು, ಟಿಪಿಎಯವರು (ಇನ್ಶೂರೆನ್ಸ್ ಕಂಪೆನಿ ಪರವಾಗಿ ಕ್ಲೇಮ್ ನೋಡುವವರು) ಕ್ವೆರಿ ಹಾಕಿದ್ರೆ ಡಾಕ್ಟ್ರ ಹಿಂದೆ ಓಡಿ ಉತ್ತರ ಬರೆಸಿ ತರುದು, ಡಿಸ್ಚಾರ್ಜ್ ದಿನ ಫೈನಲ್ ಅಪ್ರೂವಲ್ ಬರುವವರೆಗೆ ಪೇಶೆಂಟ್ ಕಡೆಯವರ ಹತ್ರ ಬೈಸಿಕೊಳ್ಳುದು. 2024ರಲ್ಲಿ ಇನ್ಶೂರೆನ್ಸ್ ಕಂಪೆನಿಗಳಿಗೆ ನಿಯಮ ಮಾಡುವ ಐಆರ್‌ಡಿಎಐಯವರು ಕ್ಯಾಶ್‌ಲೆಸ್ ರಿಕ್ವೆಸ್ಟಿಗೆ ಒಂದು ಗಂಟೆ, ಡಿಸ್ಚಾರ್ಜಿಗೆ ಮೂರು ಗಂಟೆ ಅಂತ ಟೈಮ್ ಇಟ್ಟ ಮೇಲೆ ಜನ ವಾಚ್ ನೋಡ್ತಾ ಕೌಂಟರ್ ಎದುರೇ ನಿಲ್ತಾರೆ. ಆ ಮೂರು ಗಂಟೆ ಶುರು ಆಗುದು ನಮ್ಮ ರಿಕ್ವೆಸ್ಟ್ ಅವರಿಗೆ ಸಿಕ್ಕಿದ ಮೇಲೆ, ಡಾಕ್ಟ್ರು ರೌಂಡ್ಸಲ್ಲಿ "ಇವತ್ತು ಮನೆಗೆ ಹೋಗ್ಬಹುದು" ಅಂದ ಹೊತ್ತಿಂದ ಅಲ್ಲ, ಇದನ್ನು ದಿನಾ ಹೇಳಿ ಹೇಳಿ ಗಂಟಲು ಹೋಗಿದೆ.

ವಿಷಯ ಎಂಥ ಅಂದ್ರೆ ನಂಗೆ ಪ್ರಮೋಷನ್ ಆಗ್ಲಿಲ್ಲ, ಡೆಸಿಗ್ನೇಶನ್ ಹೋದ ವರ್ಷದ್ದೇ, ಕೋರ್ಸ್ ಗೀರ್ಸ್ ಎಂಥದೂ ಮಾಡ್ಲಿಲ್ಲ. ಒಟ್ಟಿಗೆ ಓದಿದವರೆಲ್ಲ ಬೆಂಗಳೂರಲ್ಲಿ, ಲಿಂಕ್ಡಿನ್ನಲ್ಲಿ ಒಬ್ಬೊಬ್ಬರದ್ದು ಉದ್ದುದ್ದ ಪೋಸ್ಟ್, ಹೊಸ ರೋಲ್, ಹೊಸ ಟೀಮ್, ಥ್ಯಾಂಕ್ಫುಲ್ ಅಂತ. ನಮ್ಮ ಕಡೆ ಬೆಳೆಯುದು ಅಂದ್ರೇ ರಾತ್ರಿ ಬಸ್ಸು ಹತ್ತುದು ಅಥವಾ ದುಬೈ ಫ್ಲೈಟ್ ಹತ್ತುದು ಅಂತ ಆಗಿದೆ ಅಲ್ವಾ. ಅಮ್ಮನೂ ಅದನ್ನೇ ಹೇಳುದು.

ಇನ್ನೊಂದು ಡೌಟ್. ನಮ್ಮಲ್ಲಿಗೆ ಕಾಸರಗೋಡು, ಪಯ್ಯನ್ನೂರು, ಕಣ್ಣೂರಿಂದ ತುಂಬಾ ಪೇಶೆಂಟ್ ಬರ್ತಾರೆ. ಈ ವರ್ಷ ಅವರ ಹತ್ರ ಮಾತಾಡಿ ಮಾತಾಡಿ ನಂಗೆ ಮಲಯಾಳಂ ಬಂತು, ಕ್ಲಾಸಿಗೆ ಹೋದದ್ದಲ್ಲ. ಇದು ಪರ್ಸನಲ್ಲಾ ಪ್ರೊಫೆಶನಲ್ಲಾ? ಮತ್ತೆ ಅಪ್ಪನಿಗೆ ಬೈಪಾಸ್ ಆದ ಮೇಲೆ ಮನೆಯ ಅಡಿಕೆ ವ್ಯಾಪಾರ ನನ್ನ ತಲೆಗೆ ಬಿತ್ತು. ಅಡಿಕೆಯ ದರ್ಜೆಯಲ್ಲಿ ಪಟೋರ ಯಾವುದು, ಉಳ್ಳಿ ಯಾವುದು, ಕೋಕ ಯಾವುದು ಅಂತ ಈಗ ಕೈಯಲ್ಲಿ ಹಿಡಿದ್ರೆ ಗೊತ್ತಾಗ್ತದೆ, ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋದ ರೇಟು ಬೆಳಿಗ್ಗೆ ಎದ್ದು ನೋಡ್ತೇನೆ. ಇದೆಲ್ಲ ಆಸ್ಪತ್ರೆಯ ಫಾರ್ಮಲ್ಲಿ ಬರೆದ್ರೆ ನಗಾಡ್ತಾರಾ? ನೀವೆಲ್ಲ ಹೇಗೆ ಮಾಡ್ತೀರಿ ಹೇಳಿ.

ಬೆಂದೂರ್ ಬಾಯಿ

ಖಾಲಿ ಬಾಕ್ಸ್ ನೋಡ್ತಾ ಕೂತ್ರೆ ಯಾರಿಗೂ ಎಂಥದೂ ನೆನಪಾಗುದಿಲ್ಲ ಮಗ. ಮಾರ್ಚಲ್ಲಿ ಕೂತು ಆಲೋಚನೆ ಮಾಡಿದ್ರೆ ತಲೆಗೆ ಬರುದು ಜನವರಿ ಫೆಬ್ರವರಿದು ಮಾತ್ರ, ಅದ್ರಲ್ಲೂ ಬೇಜಾರಾದದ್ದೇ ಮೊದ್ಲು ಬರುದು. ನಿಮಗೆ ರೇಟಿಂಗ್ ಕೊಡುವವರಿಗೂ ಅದೇ ಕತೆ, ರೀಸೆನ್ಸಿ ಬಯಾಸ್ ಅಂತ ಅದಕ್ಕೆ ಹೆಸರೇ ಉಂಟು. ಹಾಗಾಗಿ ಹೋದ ಮಳೆಗಾಲದ ಕೆಲಸ ನೀವು ನೆನಪು ಮಾಡಿ ಕೊಡದಿದ್ರೆ ಅದು ಲೆಕ್ಕಕ್ಕೆ ಬರುದೇ ಇಲ್ಲ.

ನಾನು ಟೀಚರ್, ನಮಗೂ ಪ್ರತಿ ವರ್ಷ ಈ ರಗಳೆ ಉಂಟು. ನಾನು ಮಾಡುದು ಹೇಗೆ ಅಂದ್ರೆ ಏಪ್ರಿಲ್, ಮೇ ಅಂತ ತಿಂಗಳು ಹಿಡಿದು ಹೋಗುದಿಲ್ಲ, ಏಪ್ರಿಲ್ ಅಂದ್ರೆ ಎಂಥ ನೆನಪಾಗ್ತದೆ ಹೇಳಿ. ಬಿಸು (ತುಳುವರ ಹೊಸ ವರ್ಷ) ಹೊತ್ತಿಗೆ ಎಂಥ ಆಗ್ತಿತ್ತು, ಮೇ ಕೊನೆಯ ಪತ್ತನಾಜೆ ಹೊತ್ತಿಗೆ ಎಂಥ, ಮಳೆಗಾಲದ ಆಟಿ ತಿಂಗಳಲ್ಲಿ ಎಂಥ, ಸೆಪ್ಟೆಂಬರಿನ ಕ್ರೈಸ್ತರ ಹಬ್ಬ ಮೊಂತಿ ಫೆಸ್ತಿಗೆ ಎಂಥ, ಕುದ್ರೋಳಿ ದಸರಾಕ್ಕೆ ಎಂಥ ಅಂತ ಕೇಳಿದ್ರೆ ಒಂದೊಂದೇ ಹೊರಗೆ ಬರ್ತದೆ. ಆಟಿಯ ಮಳೆಗೆ ಡೆಂಗಿ ಕೇಸ್ ರಾಶಿ ಬರ್ತದಲ್ಲ, ಆಗ ನಿಮ್ಮ ಡೆಸ್ಕ್ ಹೇಗಿತ್ತು, ಯಾರು ರಜೆಯಲ್ಲಿದ್ದರು, ಯಾರ ಕೆಲಸ ನೀವು ಮಾಡಿದ್ದು, ಅಲ್ಲಿಂದ ಶುರು ಮಾಡಿ.

ಮತ್ತೆ ಮೇಲ್‌ನ ಸೆಂಟ್ ಫೋಲ್ಡರ್ ತೆಗೀರಿ. ಹೋದ ಏಪ್ರಿಲಲ್ಲಿ ನೀವು ಬರೆದ ಒಂದು ಕ್ವೆರಿ ರಿಪ್ಲೈ, ಈ ತಿಂಗಳು ಬರೆದ ಒಂದು, ಎರಡೂ ಪಕ್ಕ ಪಕ್ಕ ಇಟ್ಟು ಓದಿ. ನಂಗೆ ನೆನಪಿನ ಮೇಲೆ ಅಷ್ಟು ನಂಬಿಕೆ ಇಲ್ಲ, ಬರೆದಿಟ್ಟದ್ದರ ಮೇಲೆ ಉಂಟು.

ಮಲಯಾಳಂ ಪ್ರೊಫೆಶನಲ್ ಬಾಕ್ಸಿಗೇ ಹಾಕಿ, ಅದ್ರಲ್ಲಿ ಡೌಟೇ ಬೇಡ. ಬೈಪಾಸ್ ಅಂತ ಹೇಳಿದಾಗ ಹೆಂಡತಿ ಮಕ್ಕಳ ಭಾಷೆಯಲ್ಲಿ ಹೇಳುವ ಒಬ್ಬರು ಕೌಂಟರಲ್ಲಿ ಇದ್ರೆ ಎಷ್ಟು ಧೈರ್ಯ ಅಂತ ನಿಮಗೆ ನಾನು ಹೇಳ್ಬೇಕಾ.

ಪಂಪ್‌ವೆಲ್ ಫ್ಲೈಓವರ್

(ಹೆಸರು ನೋಡಿಯೇ ಗೊತ್ತಾಗಿರ್ಬಹುದು, ನಿಧಾನಕ್ಕೆ ಬೆಳೆಯುದರ ಬಗ್ಗೆ ಮಾತಾಡ್ಲಿಕ್ಕೆ ನಂಗೆ ಹಕ್ಕುಂಟು. ಮಂಗಳೂರಿನ ಈ ಫ್ಲೈಓವರಿನ ಕೆಲಸ ವರ್ಷಗಟ್ಟಲೆ ಎಳೆದದ್ದು, 2020ರಲ್ಲಿ ಓಪನ್ ಆಗುವವರೆಗೆ ನನ್ನಷ್ಟು ಟ್ರೋಲ್ ಆದವರು ಮಂಗಳೂರಲ್ಲಿ ಯಾರೂ ಇರ್ಲಿಕ್ಕಿಲ್ಲ.)

ಅಕ್ಕ, ಬಾಯಿ ಹೇಳಿದ್ದು ಚಂದ ಉಂಟು, ಆದ್ರೆ ನಾನು ಸ್ವಲ್ಪ ಕಹಿ ಹೇಳ್ತೇನೆ. ಆ ಫಾರ್ಮ್ ನಿಮ್ಮ ಬೆಳವಣಿಗೆ ಅಳೀಲಿಕ್ಕೆ ಇರುದಲ್ಲ. ಹೈಕಿಗೆ ಬಜೆಟ್ ಎಷ್ಟು ಅಂತ ಹೆಚ್ಚಿನ ಕಡೆ ಮೊದ್ಲೇ ಫಿಕ್ಸ್ ಆಗಿರ್ತದೆ, ಫಾರ್ಮ್ ಬರುದು ಆಮೇಲೆ. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಟಾರ್ಗೆಟ್ಟೇ 4 ಪರ್ಸೆಂಟ್, ಅದು ಮೇಲೆ ಕೆಳಗೆ 2 ಹೋಗ್ಬಹುದು ಅಂತ ಲೆಕ್ಕ. ಆದ್ರಿಂದ 5 ಪರ್ಸೆಂಟ್ ಹೈಕ್ ಕೊಟ್ಟು ಕೈ ಕುಲುಕಿದ್ರೆ ಕುಣಿಬೇಡಿ, ನಿಂತಲ್ಲಿಂದ ಅರ್ಧ ಹೆಜ್ಜೆ ಮುಂದೆ ಹೋದ ಹಾಗೆ ಅಷ್ಟೆ.

ಪರ್ಸನಲ್ ಬಾಕ್ಸಲ್ಲಿ ಅಪ್ಪನ ಬೈಪಾಸ್, ಅಡಿಕೆ ಎಲ್ಲ ಬರೀಲೇಬೇಡಿ. ನಾಳೆ ರಜೆ ಕೇಳಿದ್ರೆ "ಇವಳಿಗೆ ಮನೆ ಜವಾಬ್ದಾರಿ ಜಾಸ್ತಿ" ಅಂತ ಅದನ್ನೇ ತಿರುಗಿಸಿ ಹೇಳುವವರು ಇರ್ತಾರೆ, ನಾನು ನೋಡಿದ್ದೇನೆ. ಅಲ್ಲಿ "ಸ್ಟ್ರೆಸ್ ಮ್ಯಾನೇಜ್‌ಮೆಂಟ್, ಟೈಮ್ ಮ್ಯಾನೇಜ್‌ಮೆಂಟ್" ಅಂತ ಎರಡು ಸಾಲು ಗೀಚಿ ಮುಗಿಸಿ. ನಿಜವಾದ ಲೆಕ್ಕ ಮನೆಯಲ್ಲಿ ಒಂದು ಪುಸ್ತಕದಲ್ಲಿ ಇಡಿ, ಅದು ನಾಳೆ ಬೇರೆ ಕಡೆ ಇಂಟರ್‌ವ್ಯೂಗೆ ಹೋಗುವಾಗ ನಿಮ್ಮದೇ ಕೈಯಲ್ಲಿರ್ತದೆ, ಫಾರ್ಮ್ ಎಚ್‌ಆರ್ ಹತ್ರ ಇರ್ತದೆ.

ಕಾರ್ಕಳದವಳು

ಬಾಯಿ, ಸೆಂಟ್ ಫೋಲ್ಡರ್ ತೆಗೆದೆ, ಥ್ಯಾಂಕ್ಸ್, ನಗು ಬಂತು. ಹೋದ ಏಪ್ರಿಲಲ್ಲಿ ನಾನು ಟಿಪಿಎಗೆ ಬರೆದ ಮೇಲ್ ಓದಿದ್ರೆ ಯಾರೋ ಸಾಲ ಕೇಳುವವರ ಪತ್ರದ ಹಾಗೆ ಉಂಟು, ದಯವಿಟ್ಟು ದಯವಿಟ್ಟು ಅಂತ ಪ್ಯಾರಾ ಪ್ಯಾರಾ. ಈಗ ಬರೆಯುದು ಎರಡು ಸಾಲು, ಪಾಲಿಸಿಯ ಯಾವ ಷರತ್ತು, ಯಾವ ರಿಪೋರ್ಟ್ ಅಟ್ಯಾಚ್ ಮಾಡಿದ್ದೇನೆ, ಮುಗೀತು.

ಇನ್ನೊಂದೂ ಕಂಡಿತು. ಮೊದ್ಲು ಬರ್ತಿದ್ದ ಕ್ವೆರಿಯಲ್ಲಿ ಹೆಚ್ಚಿನದ್ದು ಒಂದೇ, "ಈ ತೊಂದರೆ ಯಾವಾಗಿಂದ ಉಂಟು, ಮೊದಲು ಟ್ರೀಟ್‌ಮೆಂಟ್ ತಗೊಂಡಿದ್ದಾರಾ" ಅಂತ. ಪಾಲಿಸಿ ತಗೊಳ್ಳುವ ಮೊದ್ಲೇ ಕಾಯಿಲೆ ಇತ್ತಾ ಅಂತ ಅವರಿಗೆ ನೋಡ್ಲಿಕ್ಕೆ ಅದು ಬೇಕೇ ಬೇಕು, ಫಾರ್ಮಲ್ಲಿ ಆ ಜಾಗ ಖಾಲಿ ಬಿಟ್ರೆ ಕ್ವೆರಿ ಬರ್ಲೇಬೇಕು. ಮಳೆಗಾಲದಲ್ಲಿ ನಾನು ಡ್ಯೂಟಿ ಡಾಕ್ಟ್ರಿಗೆ ಒಂದು ಸಣ್ಣ ಚೀಟಿ ಮಾಡಿ ವಾರ್ಡಲ್ಲಿ ಅಂಟಿಸಿದ್ದೆ, ಇದಿದು ಮೊದ್ಲೇ ಬರೆದು ಕೊಡಿ ಅಂತ. ಯಾರೂ ಹೇಳಿ ಮಾಡಿಸಿದ್ದಲ್ಲ, ಓಡಿ ಓಡಿ ಕಾಲು ನೋವು ಬಂದು ಮಾಡಿದ್ದು. ಆಮೇಲೆ ಆ ಥರದ ಕ್ವೆರಿ ಬಹಳ ಕಮ್ಮಿ ಆಯ್ತು, ಕಮ್ಮಿ ಆದದ್ದು ನಂಗೇ ಗೊತ್ತಾಗ್ಲಿಲ್ಲ ನೋಡಿ. ಇಲ್ಲದ ಕ್ವೆರಿ ಯಾರ ಕಣ್ಣಿಗೆ ಕಾಣ್ತದೆ.

ಫ್ಲೈಓವರ್ ಅಣ್ಣ, ಅಡಿಕೆ ಬರೆಯುದಿಲ್ಲ ಬಿಡಿ. ಆದ್ರೆ ಅದನ್ನು ಕಲಿತದ್ದರಿಂದಲೇ ನಂಗೆ ರೇಟಿನ ವಿಷಯದಲ್ಲಿ ಚರ್ಚೆ ಮಾಡ್ಲಿಕ್ಕೆ ಬಾಯಿ ಬಂದದ್ದು, ಮಂಡಿಯವರ ಹತ್ರ ಮಾತಾಡಿದವಳಿಗೆ ಟಿಪಿಎಯವರು ಎಂಥ ಹೆದರಿಕೆ.

ಮಲ್ಪೆ ಲೆಕ್ಕ

ನಾನು ಬೋಟಿನ ಲೆಕ್ಕ ಬರೆಯುವವ. ನಮಗೆ ವರ್ಷ ಮುಗಿಯುದು ಮಾರ್ಚಲ್ಲಿ ಅಲ್ಲ, ಆಡಿಟರಿಗೆ ಬೇಕಾದ್ರೆ ಮಾರ್ಚ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನು ಹಿಡಿಯುದಕ್ಕೆ ಬ್ಯಾನ್ ಇರ್ತದಲ್ಲ, ಬೋಟೆಲ್ಲ ಬಂದರಲ್ಲಿ ಕಟ್ಟಿರ್ತದೆ, ಬಲೆ ರಿಪೇರಿ, ಇಂಜಿನ್ ಕೆಲಸ, ಆಗ ಕೂತು ಹಿಂದಿನದ್ದು ನೋಡುದು.

ಹೊಸದಾಗಿ ಲೆಕ್ಕ ನೋಡುವವರು ಒಟ್ಟು ಎಷ್ಟು ಮೀನು, ಎಷ್ಟು ದುಡ್ಡು ಅಂತ ಕೊನೆಯ ಸಾಲು ನೋಡಿ ಈ ವರ್ಷ ಒಳ್ಳೇದು, ಈ ವರ್ಷ ಹಾಳು ಅಂತ ಹೇಳಿ ಬಿಡ್ತಾರೆ. ನನ್ನ ಯಜಮಾನರು ಹಾಗೆ ನೋಡುದಿಲ್ಲ. ಬಂಗುಡೆ ಬಂತಾ, ಬೂತಾಯಿ ಬಂತಾ, ತೂಫಾನಿಗೆ ಎಷ್ಟು ದಿನ ಬೋಟು ಒಳಗೆ ಕೂತಿತು, ಇದೆಲ್ಲ ಸಮುದ್ರದ್ದು, ಇದರ ಹೊಗಳಿಕೆ ಬೋಟು ನಡೆಸುವ ತಾಂಡೇಲನಿಗೂ ಇಲ್ಲ, ಬೈಗುಳವೂ ಇಲ್ಲ. ಡೀಸೆಲ್ ಎಷ್ಟು ಉರಿಯಿತು, ಐಸ್ ಎಷ್ಟು ಹಾಳಾಯ್ತು, ಬಲೆ ಎಷ್ಟು ಸಲ ಹರಿಯಿತು, ಬೋಟಿನ ಕೆಲಸದವರು (ಕಲಾಸಿಗಳು) ಅರ್ಧದಲ್ಲಿ ಬಿಟ್ಟು ಹೋದ್ರಾ, ಇದು ನಮ್ಮ ಕೈಯದ್ದು. ಮೀನು ರಾಶಿ ಬಂದ ವರ್ಷವೂ ಈ ಲೆಕ್ಕ ಕೆಟ್ಟಿದ್ರೆ ಅವರು ಮುಖ ಗಂಟು ಹಾಕಿಯೇ ಇರುದು, ಮೀನಿಲ್ಲದ ವರ್ಷ ಇದು ಸರಿ ಇದ್ರೆ ಎಲ್ಲರಿಗೂ ಊಟ ಹಾಕ್ಸಿದ್ದೂ ಉಂಟು.

ನಿಮ್ಮದ್ರಲ್ಲಿ ಪ್ರಮೋಷನ್ ಸಮುದ್ರದ ಕಡೆಯದ್ದು. ಮೇಲಿನ ಸೀಟು ಖಾಲಿ ಆದ್ರೆ ತಾನೇ ನಿಮಗೆ ಸಿಗುದು. ಚೀಟಿ ಅಂಟಿಸಿದ್ದು ನಿಮ್ಮ ಕೈಯದ್ದು. ಬೆಂಗಳೂರಿನ ದೋಸ್ತಿಗಳದ್ದೂ ಹಾಗೇ ಬೇರೆ ಮಾಡಿ ನೋಡಿ, ಅವರ ಪೋಸ್ಟಲ್ಲಿ ಕಂಪೆನಿ ಬೆಳೆದದ್ದು ಎಷ್ಟು, ಅವರು ಬೆಳೆದದ್ದು ಎಷ್ಟು ಅಂತ. ಹೊಟ್ಟೆಕಿಚ್ಚಿಗೆ ಹೇಳುದಲ್ಲ, ನನ್ನ ಮಗನೇ ಅಲ್ಲಿರುದು.

ಉಡುಪಿ ಪಿಗ್ಮಿ ಅಕ್ಕ

ಎಲ್ಲ ಓದಿದೆ. ನಾನು ಸೊಸೈಟಿಗೆ ಪಿಗ್ಮಿ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ಕಲೆಕ್ಷನ್ ಮಾಡುದು, ರಥಬೀದಿ, ತೆಂಕಪೇಟೆ ಅಂಗಡಿಗಳಲ್ಲಿ. ಪಿಗ್ಮಿ ಹುಟ್ಟಿದ್ದೇ ನಮ್ಮ ಊರಲ್ಲಿ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಅಂತ ಮನೆ ಮನೆಗೆ ಹೋಗಿ ಶುರು ಮಾಡಿದ್ದು. ಈಗ ಆ ಬ್ಯಾಂಕಿನ ಬೋರ್ಡೇ ಇಲ್ಲ, 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿಹೋಯ್ತು, ಪಿಗ್ಮಿ ಮಾತ್ರ ಉಂಟು.

ನಮ್ಮ ಕೆಲಸದಲ್ಲಿ ಗ್ರೋತ್ ಅಂತ ಕೇಳುವ ಫಾರ್ಮ್ ಇಲ್ಲ, ಕಮಿಷನ್ ಉಂಟು ಅಷ್ಟೆ. ಅಂಗಡಿಯವರೆಲ್ಲ ಫೋನಲ್ಲೇ ದುಡ್ಡು ತಗೊಳ್ಲಿಕ್ಕೆ ಶುರು ಮಾಡಿದ ಮೇಲೆ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯೇ ಇಲ್ಲ, "ನಾಳೆ ಕೊಡ್ತೇನೆ ಅಕ್ಕ" ಅಂತ ಹೇಳುದು ಜಾಸ್ತಿ ಆಯ್ತು. ಈ ವರ್ಷ ನಾನು ಹೋಗುವ ಹೊತ್ತು ಬದಲು ಮಾಡಿದೆ. ಮೊದ್ಲು ಬೆಳಿಗ್ಗೆ ಹೋಗ್ತಿದ್ದೆ, ಈಗ ಹೂವಿನವರ ಹತ್ರ ಬೆಳಿಗ್ಗೆ, ಜವಳಿಯವರ ಹತ್ರ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ. ಯಾರ ಕೈಯಲ್ಲಿ ಯಾವಾಗ ದುಡ್ಡು ಇರ್ತದೆ ಅಂತ ಈಗ ನಂಗೆ ಅವರಿಗಿಂತ ಚಂದ ಗೊತ್ತುಂಟು. ಇದನ್ನು ಯಾವ ಬಾಕ್ಸಲ್ಲಿ ಬರೆಯುದು ಹೇಳಿ.

ಕಾರ್ಕಳದ ಮಗಳೇ, ಒಂದು ವರ್ಷಕ್ಕೇ ಫಲ ಕಾಣ್ಬೇಕು ಅಂತ ಯಾಕೆ. ಉಡುಪಿ ಕೃಷ್ಣ ಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯ ಜನವರಿ 18ಕ್ಕೆ ಆಗುದಾದ್ರೂ ಅದರ ತಯಾರಿಯ ಬಾಳೆ ಮುಹೂರ್ತ ಅದಕ್ಕಿಂತ ಒಂದು ವರ್ಷ ಮೊದ್ಲೇ ಆಗ್ತದೆ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಬಾಳೆ ನೆಟ್ಟ ದಿನ ಸಾವಿರಗಟ್ಟಲೆ ಜನ ಬರುದಿಲ್ಲ, ಮೆರವಣಿಗೆ ನೋಡ್ಲಿಕ್ಕೆ ಬರುದು. ಅಪ್ಪನ ಆಸ್ಪತ್ರೆ, ಅಡಿಕೆ, ಮಲಯಾಳಂ, ಇದೆಲ್ಲ ನಿಮ್ಮದು ಬಾಳೆ ನೆಟ್ಟ ವರ್ಷ ಅಂತ ಅಂದುಕೊಳ್ಳಿ.

ಪಂಪ್‌ವೆಲ್‌ನವರು ಹೇಳಿದ್ದರಲ್ಲಿ ಒಂದು ನಂಗೆ ಒಪ್ಪಿಗೆ ಇಲ್ಲ. ಮನೆಯ ವಿಷಯ ಪೂರ್ತಿ ಮುಚ್ಚಿಟ್ರೆ ನಾಳೆ ಅಪ್ಪನ ಚೆಕಪ್ಪಿಗೆ ರಜೆ ಬೇಕಾದಾಗ ಸುಳ್ಳು ಹೇಳ್ಬೇಕಾಗ್ತದೆ. ಒಂದು ಸಾಲು ಬರೀಲಿ.

ಪಂಪ್‌ವೆಲ್ ಫ್ಲೈಓವರ್

ಅಕ್ಕ, ರಜೆ ಬಾಯಲ್ಲಿ ಕೇಳಿದ್ರೆ ಸಾಕು, ಫೈಲಿಗೆ ಹಾಕುದು ಬೇಡ ಅಂತಷ್ಟೇ ನಾನು ಹೇಳಿದ್ದು. ನಿಮ್ಮ ಸೊಸೈಟಿಯಲ್ಲಿ ಮುಖ ನೋಡಿ ಕೆಲಸ ನಡೀತದೆ, ದೊಡ್ಡ ಕಡೆ ಹಾಗಲ್ಲ. ನಾನು ಇದನ್ನು ಬಿಟ್ಟು ಕೊಡುದಿಲ್ಲ.

ಚೀಟಿಯ ವಿಷಯ ಮಾತ್ರ ಮೊದಲ ಸಾಲಲ್ಲೇ ಬರಲಿ. ಆದ್ರೆ "ಕ್ವೆರಿ ಕಮ್ಮಿ ಆಯ್ತು" ಅಂತ ಬಾಯಿ ಮಾತಲ್ಲಿ ಬರೆದ್ರೆ ಯಾರೂ ನಂಬುದಿಲ್ಲ. ಪೋರ್ಟಲಲ್ಲಿ ಕ್ವೆರಿ ಡೇಟ್ ಎಲ್ಲ ಸೇವ್ ಆಗಿರ್ತದಲ್ಲ, ಚೀಟಿ ಅಂಟಿಸುವ ಮೊದಲಿನ ಮೂರು ತಿಂಗಳು, ಆಮೇಲಿನ ಮೂರು ತಿಂಗಳು ತೆಗೆದು ಇಡಿ. ಮಳೆಗಾಲದಲ್ಲಿ ಕೇಸೇ ಜಾಸ್ತಿ, ಹಾಗಾಗಿ ಬರೀ ಕ್ವೆರಿ ಎಣಿಸ್ಬೇಡಿ, ನೂರು ಕೇಸಿಗೆ ಎಷ್ಟು ಅಂತ ತೆಗೀರಿ. ಇಲ್ಲಾಂದ್ರೆ ಯಾರಾದ್ರೂ ಲೆಕ್ಕ ಗೊತ್ತಿದ್ದವರು ಮೀಟಿಂಗಲ್ಲಿ ಕೂತಿದ್ರೆ ಒಂದೇ ಪ್ರಶ್ನೆಗೆ ಗಾಳಿ ತೆಗೀತಾರೆ.

ಬೆಂದೂರ್ ಬಾಯಿ

ಇದು ಒಳ್ಳೆ ಮಾತು ಹೇಳಿದಿರಿ ಫ್ಲೈಓವರ್ರೇ.

ಮಗ, ನಿಮ್ಮ ಹತ್ರ ಬೇರೆ ಒಂದು ಕೇಳ್ಲಿಕ್ಕುಂಟು, ಸಿಟ್ಟು ಮಾಡ್ಬೇಡಿ. ನಮ್ಮ ಅಕ್ಕನನ್ನು ಮೊನ್ನೆ ಬೇರೆ ಒಂದು ಕಡೆ ಡಿಸ್ಚಾರ್ಜ್ ಮಾಡಿದ್ದು, ಇನ್ಶೂರೆನ್ಸಿನವರ ಅಪ್ರೂವಲ್ ಬರ್ಲಿಕ್ಕೆ ಸಂಜೆ ಆಯ್ತು, ಅದಕ್ಕೆ ಇನ್ನೊಂದು ದಿನದ ರೂಮ್ ಬಾಡಿಗೆ ಬಿಲ್ಲಿಗೆ ಸೇರಿಸಿದ್ದಾರೆ. ಅದು ನಾವು ಕೊಡ್ಬೇಕಾ?

ಕಾರ್ಕಳದವಳು

ಬೇಡ ಬಾಯಿ, ಸುಮ್ಮನೆ ಕೊಡ್ಲಿಕ್ಕೆ ಹೋಗ್ಬೇಡಿ. ಮೂರು ಗಂಟೆ ದಾಟಿ ಲೇಟಾದದ್ದಕ್ಕೆ ಆಸ್ಪತ್ರೆ ಜಾಸ್ತಿ ಚಾರ್ಜ್ ಹಾಕಿದ್ರೆ ಅದನ್ನು ಇನ್ಶೂರೆನ್ಸ್ ಕಂಪೆನಿಯೇ ಭರಿಸ್ಬೇಕು, ಅದೂ ಶೇರ್‌ಹೋಲ್ಡರ್ಸ್ ಫಂಡಿಂದ, ಐಆರ್‌ಡಿಎಐ ಸರ್ಕ್ಯುಲರಲ್ಲಿ ಉಂಟು. ಆಸ್ಪತ್ರೆಯಿಂದ ರಿಕ್ವೆಸ್ಟ್ ಎಷ್ಟು ಗಂಟೆಗೆ ಹೋಗಿದೆ ಅಂತ ಅವರ ಡೆಸ್ಕಲ್ಲಿ ಕೇಳಿ, ಮೇಲ್ ಅಥವಾ ಪೋರ್ಟಲಿನ ಪ್ರಿಂಟ್ ತಗೊಳ್ಳಿ, ಅಪ್ರೂವಲ್ ಲೆಟರಿನ ಟೈಮೂ ನೋಡಿ. ಎರಡರ ಮಧ್ಯೆ ಮೂರು ಗಂಟೆಗಿಂತ ಜಾಸ್ತಿ ಆಗಿದ್ರೆ ಅದನ್ನೇ ಹಾಕಿ ಕಂಪೆನಿಯ ಗ್ರೀವನ್ಸ್ ಸೆಲ್ಲಿಗೆ ಮೇಲ್ ಮಾಡಿ, ಅಲ್ಲಿ ಆಗ್ಲಿಲ್ಲಾಂದ್ರೆ ದೂರು ಕೊಡ್ಲಿಕ್ಕೆ ಬಿಮಾ ಭರೋಸಾ ಪೋರ್ಟಲ್ ಉಂಟು. ರಿಕ್ವೆಸ್ಟೇ ಲೇಟಾಗಿ ಹೋಗಿದ್ರೆ ಅದು ಆಸ್ಪತ್ರೆಯ ಬಿಲ್ಲಿಂಗಿನವರ ತಲೆನೋವು, ಅವರ ಹತ್ರವೇ ಮಾತಾಡ್ಬೇಕು. ಬಿಲ್ಲಿನ ಫೋಟೋದಲ್ಲಿ ಹೆಸರು, ಪಾಲಿಸಿ ನಂಬರ್ ಎಲ್ಲ ಅಳಿಸಿ ಕಳಿಸಿ, ನಾನು ಮೇಲ್ ಬರೆದು ಕೊಡ್ತೇನೆ. ಎರಡೇ ಸಾಲು ಸಾಕು ಅದಕ್ಕೆ.