ಬರೇ ಒಂದು ಸೈನ್ ಅಲ್ಲವ್ವಾ

ಕೇಳಿಸ್ತಾ ಐತಾ? ಹ್ಞಾಂ. ನೋಡವ್ವಾ, ನೀನು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. ಅಪ್ಪಾಜಿ ಯಾರದೋ ಮೂರು ಲಕ್ಷದ ಸೊಸೈಟಿ ಸಾಲಕ್ಕೆ ನಿನ್ನೆ ಜಾಮೀನು ಹಾಕಿ ಬಂದಾರೆ, ದುಡ್ಡು ಇನ್ನೂ ಬಿಡುಗಡೆ ಆಗಿಲ್ಲ, ಬರೇ ಸೈನ್ ತಾನೇ ದೊಡ್ಡಪ್ಪಾ ಅಂತ ಕೇಳೀಯ. ಬರೇ ಸೈನ್ ಅಲ್ಲವ್ವಾ. ಜಾಮೀನು ಹಾಕೋದು ಅಂದ್ರೆ ಆ ಸಾಲ ನಾವೇ ಮಾಡಿದಂಗೆ.

ನಿಮ್ಮಪ್ಪ ಹೆಂಗೆ ಅಂತ ಎಲ್ಲರಿಗೂ ಗೊತ್ತೈತೆ. ನಮ್ಮ ಮನೆತನದೋರ ಬಾಯಾಗೆ ‘ಇಲ್ಲ’ ಅನ್ನೋ ಮಾತೇ ಬರಲ್ಲ. 1998ರಾಗೆ ನನಗೂ ಹಿಂಗೇ ಆಯ್ತು. ದಾವಣಗೆರೆ ಪಿ.ಬಿ. ರಸ್ತೆ ಕಡೆ ಬೆಣ್ಣೆದೋಸೆ ತಿಂತಾ ಕುಂತಿದ್ದೆ. ದಿನಾ ಸಿಗೋ ಮನುಷ್ಯನೇ, ಮೆಕ್ಕೆಜೋಳದ ವ್ಯಾಪಾರಕ್ಕೆ 80,000 ಸಾಲ, ಒಂದು ಸೈನ್ ಅಣ್ಣಾ ಅಂದ. ಹಾಳೆಗಳನ್ನ ಮಡಚಿ ಕ್ಲಿಪ್ ಹಾಕಿದ್ದ, ಸೈನ್ ಹಾಕೋ ಜಾಗ ಅಷ್ಟೇ ಕಾಣೋದು, ಅಲ್ಲಿ ಪೆನ್ಸಿಲ್ಲಿಂದ ಗುರುತು ಮಾಡಿದ್ದ. ನಾನು ಕೈ ಒರೆಸ್ಕೊಂಡು ಸೈನ್ ಹಾಕಿದೆ, ಹೆಬ್ಬೆಟ್ಟಿನ ಜಿಡ್ಡು ಕಾಗದಕ್ಕೆ ಹತ್ತಿತು. ಮೂರು ವರ್ಷ ಆದ್ಮೇಲೆ ಸಾಲ ಕೊಟ್ಟ ಸೊಸೈಟಿಯಿಂದ ನೋಟಿಸ್ ಬಂತು. ಹೋಗಿ ಕೇಳಿದ್ರೆ ಅದೇ ಕಾಗದ ತೋರಿಸಿದ್ರು, ಜಿಡ್ಡಿನ ಕಲೆ ಹಂಗೇ ಇತ್ತು. ಬಾಕಿ ಉಳಿದಿದ್ದ ಅಸಲು, ಬಡ್ಡಿ, ಸುಸ್ತಿಬಡ್ಡಿ ಸೇರಿ 69,000. ತಿಂಗಳಿಗೆ 3,000ದಂಗೆ 23 ತಿಂಗಳು ನನ್ನ ಸಂಬಳದಾಗೆ ಮುರ್ಕೊಂಡ್ರು.

ಮೊದಲು ಅವನತ್ರ ವಸೂಲಿ ಮಾಡ್ರಿ, ಆಮೇಲೆ ನನ್ನ ಕೇಳ್ರಿ ಅಂದೆ. ವಕೀಲರು ಹೇಳಿದ್ರು, 1872ರ ಕರಾರು ಕಾಯ್ದೆ 128ನೇ ಕಲಂ ಐತೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಪತ್ರದಾಗೆ ಬೇರೆ ಥರ ಬರೆದಿರಲಿಲ್ಲ ಅಂದ್ರೆ ಅವರು ಸೀದಾ ನಿಮ್ಮ ಹತ್ರಾನೇ ಬರಬಹುದು ಅಂತ. ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಅದು ಬರೇ ಸೈನ್ ಅಲ್ಲ, ಸಾಲಾನೇ.

ನನಗೆ ದುಡ್ಡಿಗಿಂತ ಹೆಚ್ಚು ನೋವಾಗಿದ್ದು ಬೇರೆ. ಮೂರು ವರ್ಷದಾಗೆ ಎಷ್ಟೋ ಕಂತು ತಪ್ಪಿದ್ರೂ ಆ ಸೊಸೈಟಿಯೋರು ಒಂದು ಕಾರ್ಡ್ ಬರೆದು ಹಾಕಲಿಲ್ಲ. ಮೊದಲನೇ ಕಂತು ತಪ್ಪಿದಾಗಲೇ ತಿಳಿಸಿದ್ರೆ ಅವನ ಮನೆ ಬಾಗಿಲಿಗೆ ಹೋಗಿ ಕುಂದರ್ತಿದ್ದೆ. ಅವನು ಆ ವರ್ಷಾನೇ ಮಗಳ ಮದುವೆ ಜೋರಾಗಿ ಮಾಡಿದ. ನಮ್ಮೋರೇ ಹೋಗಿ ಉಂಡು ಬಂದು, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತ ನನಗೇ ಗಾದೆ ಹೇಳಿದ್ರು. ನಿಮ್ಮ ದೊಡ್ಡವ್ವ ಆವತ್ತು ಒಬ್ಬಳೇ ಕುಂತು ಅತ್ತಿದ್ದು ಯಾರಿಗೂ ಗೊತ್ತಿಲ್ಲ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ ನೋಡು. ದುಡ್ಡು ಬಿಡುಗಡೆ ಆಗಿಲ್ಲ ಅಂದ್ಯಲ್ಲ, ಹಂಗಾದ್ರೆ ಇನ್ನೂ ದಾರಿ ಐತೆ. ನಾಳೆ ಬಾಗಿಲು ತೆಗೆಯೋ ಹೊತ್ತಿಗೇ ಅಪ್ಪನ್ನ ಕರ್ಕೊಂಡು ಹೋಗು. ‘ಈ ಸಾಲಕ್ಕೆ ನಾನು ಕೊಟ್ಟ ಜಾಮೀನು ವಾಪಸ್ ತಗೊಂಡಿದೀನಿ, ನನ್ನ ಜಾಮೀನಿನ ಮೇಲೆ ಸಾಲ ಬಿಡುಗಡೆ ಮಾಡಬೇಡಿ’ ಅಂತ ಎರಡು ಪ್ರತಿ ಬರೀರಿ. ಸಾಲಗಾರನ ಹೆಸರು, ಸಾಲದ ಮೊತ್ತ, ತಾರೀಕು ಎಲ್ಲಾ ಇರಲಿ. ಒಂದು ಅವರಿಗೆ ಕೊಡ್ರಿ, ಇನ್ನೊಂದರ ಮೇಲೆ ಸೀಲು, ಸೈನು, ತಾರೀಕು ಹಾಕಿಸ್ಕೊಳ್ರಿ. ಬಾಯಿಮಾತಿಗೆ ಆಯ್ತು ಬಿಡ್ರಿ ಅಂದ್ರೆ ಎದ್ದು ಬರಬ್ಯಾಡ್ರಿ. ಸೀಲ್ ಹಾಕಲ್ಲ ಅಂದ್ರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ರಿ. ದುಡ್ಡು ಅವನ ಕೈಗೆ ಹೋದ್ಮೇಲೆ ನಾವಾಗೇ ಬಿಡಿಸ್ಕೊಳ್ಳೋಕೆ ಆಗಲ್ಲ.

ಖಾಲಿ ಚೆಕ್ ಏನಾದ್ರೂ ಕೊಟ್ಟಾರಾ ಕೇಳು. ಕೊಟ್ಟಿದ್ರೆ ನಂಬರ್ ಸಮೇತ ಪತ್ರದಾಗೆ ಬರೆದು ವಾಪಸ್ ಇಸ್ಕೊಳ್ರಿ. ಚೆಕ್ ಬೌನ್ಸ್ ಆದ್ರೆ ಕ್ರಿಮಿನಲ್ ಕೇಸ್ ಆಗಬಹುದು.

ಸೀಲ್ ಹಾಕಿದ ಪ್ರತಿ ಫೋಟೊ ತೆಗೆದು ಇಲ್ಲೇ ಹಾಕು. ಅಪ್ಪ ಎದ್ದಿದ್ರೆ ಈಗಲೇ ಫೋನ್ ಕೊಡು ಅವನಿಗೆ.