ಗ್ವಾಯ್ ಹಾನಸ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ತುಂಗಾತೀರ:
ನಮಸ್ಕಾರ. ನಾವು ವ್ಯಾಂಕೂವರ್‌ನಲ್ಲಿದ್ದೇವೆ. ಜುಲೈನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಬರುತ್ತಾರೆ. ಅವರನ್ನು ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಗ್ವಾಯ್ ದ್ವೀಪಗಳಿಗೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ದಿನದ ಆಸೆ. ದಕ್ಷಿಣದ ಗ್ವಾಯ್ ಹಾನಸ್ ಪಾರ್ಕಿಗೆ ರಸ್ತೆಯೇ ಇಲ್ಲವಂತೆ, ದೋಣಿ ಇಲ್ಲವೇ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಅಷ್ಟೇ. ಅಮ್ಮನಿಗೆ 64, ಮಂಡಿ ನೋವಿದೆ, ಆದರೆ ದಿನಾ ತೋಟ ಸುತ್ತುವವರು. ಒಂದು ದಿನದ ಟ್ರಿಪ್ ಸಾಕಾ?

ಕಾಡುಹಾದಿ:
ನಾವು ನಾಲ್ಕು ದಿನ ದೋಣಿಯಲ್ಲಿ ಹೋಗಿದ್ದೆವು. ಒಂದು ದಿನ ಸಾಲದು. ಕೆತ್ತನೆಯ ಮರದ ಕಂಬಗಳಿರುವ ಹಳೆಯ ಊರು ಸ್ಗಾಂಗ್ ಗ್ವಾಯ್ ಇರುವುದು ತೀರಾ ದಕ್ಷಿಣದ ತುದಿಯಲ್ಲಿ, ಓಡಿ ಹೋಗಿ ಓಡಿ ಬಂದರೆ ಮನಸ್ಸಿಗೆ ಏನೂ ಇಳಿಯುವುದಿಲ್ಲ. ಮಂಡಿ ವಿಷಯ: ಜೆಟ್ಟಿ ಇರುವುದಿಲ್ಲ, ರಬ್ಬರ್ ದೋಣಿಯ ಅಂಚು ದಾಟಿ ನೀರಿಗೇ ಕಾಲಿಡಬೇಕು, ಕಲ್ಲು ಜಾರುತ್ತದೆ. ಗಮ್‌ಬೂಟು ಬೇಕೇ ಬೇಕು. ಒಬ್ಬರು ಕೈ ಹಿಡಿದರೆ ಅಮ್ಮ ಆರಾಮಾಗಿ ಇಳಿಯಬಹುದು.

ಹಳೆಯ ಊರುಗಳನ್ನು ಈ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನರೇ ಕಾಯುತ್ತಾರೆ, ಅವರಿಗೆ ವಾಚ್‌ಮೆನ್ ಅಂತಲೇ ಹೆಸರು. ದಡಕ್ಕೆ ಬರುವ ಮೊದಲು ರೇಡಿಯೋದಲ್ಲಿ ಅವರನ್ನು ಕೇಳಬೇಕು. ಒಂದು ಸಲಕ್ಕೆ 12 ಜನ ಮಾತ್ರ. ಕಾಲುದಾರಿಯ ಎರಡೂ ಅಂಚಿಗೆ ಬಿಳಿ ಚಿಪ್ಪು ಸಾಲಾಗಿ ಇಟ್ಟಿರುತ್ತಾರೆ, ಅದನ್ನು ದಾಟಿ ಆಚೆ ಕಾಲಿಡಬಾರದು. ಆಚೆ ಇರುವುದು ಬಿದ್ದ ಮನೆಗಳು, ಅವರ ಹಿರಿಯರು ಬದುಕಿದ ಜಾಗ.

ತುಂಗಾತೀರ:
ಸ್ಗಾಂಗ್ ಗ್ವಾಯ್‌ನ ಕಂಬಗಳೆಲ್ಲ ವಾಲಿ ಬೀಳುತ್ತಿವೆ ಅಂತ ಫೋಟೋದಲ್ಲಿ ನೋಡಿದೆ. ಹೊಟ್ಟೆ ಉರಿಯಿತು. 1981ರಿಂದ ವಿಶ್ವ ಪರಂಪರೆ ತಾಣ ಅದು, ಒಂದು ಸೂರಾದರೂ ಹಾಕಬಹುದಿತ್ತು ಅಲ್ವಾ?

ಕಡಲಕೋಳಿ:
ನನಗೂ ಮೊದಲು ಹಾಗೇ ಅನಿಸಿತ್ತು. ಅಲ್ಲಿ ಹೆಚ್ಚಿನವು ಸಮಾಧಿ ಕಂಬಗಳು, ತುದಿಯ ಪೊಳ್ಳಿನಲ್ಲಿ ಸತ್ತವರ ಅಸ್ಥಿಯ ಪೆಟ್ಟಿಗೆ ಇಡುತ್ತಿದ್ದರು. ದೇವದಾರು ಮರ ಕೊನೆಗೆ ಮಣ್ಣಿಗೇ ಸೇರಬೇಕು ಅನ್ನುವುದು ಹೈಡಾ ಜನರ ನಂಬಿಕೆ. ಒಂದು ಕಂಬದ ನೆತ್ತಿಯಲ್ಲಿ ಪುಟ್ಟ ಸಸಿ ಬೇರು ಬಿಟ್ಟಿದ್ದನ್ನು ನೋಡಿ ನಾನು ಸುಮ್ಮನಾದೆ. 1862ರ ಸಿಡುಬಿನಲ್ಲಿ ಊರಿಗೆ ಊರೇ ಖಾಲಿಯಾದ ಜನ ಅವರು, ಏನನ್ನು ಹೇಗೆ ಉಳಿಸಬೇಕು ಅಂತ ಹೇಳುವ ಹಕ್ಕು ಅವರದ್ದೇ.

ಕಾಡು ಉಳಿದದ್ದೂ ಅವರಿಂದಲೇ. 1985ರಲ್ಲಿ, ಈಗ ಪಾರ್ಕಿನೊಳಗಿರುವ ಲೈಲ್ ದ್ವೀಪದಲ್ಲಿ ಮರ ಕಡಿಯುವವರ ದಾರಿಗೆ ಅಡ್ಡ ಕೂತರು, ಮೊದಲು ಬಂಧನಕ್ಕೆ ಮುಂದಾದವರು ವಯಸ್ಸಾದವರು. ಒಟ್ಟು 72 ಜನರನ್ನು ಹಿಡಿದರು. 1993ರ ಒಪ್ಪಂದದ ಮೇಲೆ ಈಗ ಹೈಡಾ ಮತ್ತು ಕೆನಡಾ ಸರ್ಕಾರ ಸೇರಿ ಪಾರ್ಕನ್ನು ನೋಡಿಕೊಳ್ಳುತ್ತಿವೆ. ಅದೇ ಲೈಲ್ ದ್ವೀಪದಲ್ಲಿ 2013ರಲ್ಲಿ ಹೊಸ ಕಂಬ ನಿಲ್ಲಿಸಿದ್ದಾರೆ, ಅದರ ಮೇಲೆ ಕೈ ಕೈ ಹಿಡಿದು ನಿಂತವರನ್ನು ಕೆತ್ತಿದ್ದಾರೆ. ಅಮ್ಮನಿಗೆ ತಪ್ಪದೆ ತೋರಿಸಿ.

ಕಾಡುಹಾದಿ:
ಹೊರಡುವ ಮೊದಲು ಓರಿಯೆಂಟೇಷನ್, ಅಂದರೆ ಪಾರ್ಕಿನ ಬಗ್ಗೆ ತಿಳಿಸಿಕೊಡುವ ಪಾಠ, ಕಡ್ಡಾಯ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ಮಳೆ ಇರುತ್ತದೆ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಆದರೆ ಈ ಮಳೆ ಥಂಡಿ ಜಾಸ್ತಿ.

ತುಂಗಾತೀರ:
ನಾಲ್ಕು ದಿನದ್ದೇ ಬುಕ್ ಮಾಡುತ್ತೇನೆ. ನೀವು ಬರೆದದ್ದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ: ಅವರ ಹಿರಿಯರ ಮನೆಗೆ ಬರಿಗೈಯಲ್ಲಿ ಹೇಗೆ ಹೋಗುವುದು?

ಕಡಲಕೋಳಿ:
ಹಣ್ಣು ತೆಗೆದುಕೊಂಡು ಹೋಗಿ. ಕಾವಲಿನವರು ವಾರಗಟ್ಟಲೆ ಅಲ್ಲೇ ಇರುತ್ತಾರೆ, ಹತ್ತಿರದಲ್ಲಿ ಒಂದು ಅಂಗಡಿಯೂ ಇಲ್ಲ.