ಡ್ರಿಪ್ ಬ್ಯಾರಲ್‌ನಲ್ಲಿ ಬಿಳಿ ಗಸಿ, ಸಹಾಯ ಬೇಕು

ಎಲ್ಲರಿಗೂ ಶರಣು. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನಲ್ಲಿ ನಮ್ಮದು ಒಂದು ಎಕರೆ ಪಪ್ಪಾಯಿ. ಹಳೆ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಮೆಗ್ನೀಸಿಯಂ ಕೊರತೆ ಅಂತ 200 ಲೀಟರ್ ಬ್ಯಾರಲ್‌ಗೆ 5 ಕೆಜಿ ಮೆಗ್ನೀಸಿಯಂ ಸಲ್ಫೇಟ್ ಹಾಕಿದೆ. ತಿಳಿಯಾಗಿ ಕರಗಿತು. ಕರಗಲೇಬೇಕು ಬಿಡಿ, 100 ಎಂಎಲ್ ನೀರಿಗೆ 70 ಗ್ರಾಂ ಹಾಕಿದರೂ ಕರಗುವ ಉಪ್ಪು ಅದು.

ಎಡವಟ್ಟಾಗಿದ್ದು ಆಮೇಲೆ. ಒಂದೇ ಸಲಕ್ಕೆ ಕೆಲಸ ಮುಗಿಯಲಿ ಅಂತ, ರಾತ್ರಿ ನೆನೆಸಿಟ್ಟಿದ್ದ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ತಿಳಿನೀರನ್ನೂ ಅದಕ್ಕೇ ಸುರಿದೆ. ನೋಡ್ತಾ ನೋಡ್ತಾ ಮಜ್ಜಿಗೆ ನೀರಿನಂತಾಯಿತು. ಮರುದಿನ ತಳದಲ್ಲಿ ಬಿಳಿ ಗಸಿ, ಬೆರಳಲ್ಲಿ ತಿಕ್ಕಿದರೆ ಸಣ್ಣ ರವೆಯ ಹಾಗೆ. ಅರ್ಧದಷ್ಟು ಡ್ರಿಪ್ಪರ್ ಕಟ್ಟಿಕೊಂಡಿವೆ.

ಸ್ವಲ್ಪ ಗಸಿಗೆ ನಿಂಬೆಹಣ್ಣು ಹಿಂಡಿದೆ. ನೊರೆ ಬರಲಿಲ್ಲ, ಮೆಲ್ಲಗೆ ಕರಗಿತು. ನೊರೆ ಇಲ್ಲ ಅಂದರೆ ಕಾರ್ಬೊನೇಟ್ ಅಲ್ಲ, ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್ ಇರಬೇಕು ಅಲ್ವಾ? ನಮ್ಮ ಬೋರ್ ನೀರು ಗಡಸು. ಅದರ ಕ್ಯಾಲ್ಸಿಯಂ ಕೂಡ ಫಾಸ್ಫೇಟ್ ಜೊತೆ ಸೇರಿ ಕೂತಿರಬಹುದಾ?

ಈಗ ಲೈನ್ ತೊಳೆಯಲು ಯಾವ ಆಸಿಡ್ ಬಿಡಲಿ, ಫಾಸ್ಫಾರಿಕ್ಕಾ ಹೈಡ್ರೋಕ್ಲೋರಿಕ್ಕಾ? ಪಿಎಚ್ ಎಷ್ಟಕ್ಕೆ ಇಳಿಸಿ, ಎಷ್ಟು ಹೊತ್ತು ನಿಲ್ಲಿಸಬೇಕು? ಬೇರಿಗೆ ಪೆಟ್ಟಾಗಬಾರದು. ಸ್ವಂತ ತೋಟದಲ್ಲಿ ಮಾಡಿ ನೋಡಿದವರು ಹೇಳಿ, ಸುಮ್ನೆ ಅಂದಾಜಿನ ಮೇಲೆ ಬೇಡ.